ನಾಲ್ಕು ವರ್ಷದ ಮಗಳನ್ನು ಡಿಸ್ನಿಲ್ಯಾಂಡ್‌ನ ಸ್ಟಾರ್ ವಾರ್ಸ್ ರಾತ್ರಿಗೆ ಕರೆದೊಯ್ಯಬಹುದೇ?

ನೀವು ಕೇಳಿರುವುದು ಇಷ್ಟು: ಒಂಬತ್ತು ವರ್ಷದ ಮಗನಿಗೆ ಸ್ಟಾರ್ ವಾರ್ಸ್ ಎಂಬ ಬಾಹ್ಯಾಕಾಶದ ಚಿತ್ರಸರಣಿ ಎಂದರೆ ಪ್ರಾಣ, ನಾಲ್ಕು ವರ್ಷದ ಮಗಳಿಗೆ ಅದರ ಗಂಧಗಾಳಿಯೂ ಇಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಡಿಸ್ನಿಲ್ಯಾಂಡ್ ಇರುವ ಅನಾಹೈಮ್‌ಗೆ ಕಾರಿನಲ್ಲಿ ಬರುತ್ತೀರಿ, ಊರಿನಿಂದ ಬಂದಿರುವ ಅತ್ತೆಯವರೂ ಜೊತೆಗಿರುತ್ತಾರೆ. ವಸಂತದಲ್ಲಿ ಡಿಸ್ನಿಲ್ಯಾಂಡ್‌ನಲ್ಲಿ ನಡೆಯುವ ಸ್ಟಾರ್ ವಾರ್ಸ್ ನೈಟ್‌ಗೆ ಮನೆಮಂದಿಗೆಲ್ಲ ಟಿಕೆಟ್ ಕೊಳ್ಳಬೇಕೇ, ಹಗಲು ಹೋಗಿ ಬಂದರೆ ಸಾಲದೇ?

ಎಲ್ಲರಿಗೂ ಕೊಳ್ಳಬೇಡಿ. ರಾತ್ರಿಯ ಟಿಕೆಟ್ ಮಗನಿಗೆ ಮತ್ತು ನಿಮ್ಮಿಬ್ಬರಲ್ಲಿ ಯಾರಿಗೆ ಆ ಹುಚ್ಚು ಹೆಚ್ಚೋ ಅವರಿಗೆ ಇರಲಿ. ಉಳಿದವರಿಗೆ ಹಗಲೇ ಸಾಕು. ನಾನು ಅನಾಹೈಮ್‌ಗೆ ಸಮೀಪದಲ್ಲೇ ಇರುವವಳು. ನನ್ನ ಮಕ್ಕಳು ಈ ಎರಡೂ ವಯಸ್ಸುಗಳನ್ನು ದಾಟಿ ಬಂದಿದ್ದಾರೆ, ಮನೆಯಲ್ಲಿ ಗಂಡನೂ ಮೂರನೆಯ ಮಗುವಿನಂತೆ ಇದರ ಅಭಿಮಾನಿ. ಹಾಗಾಗಿ ಎರಡು ಮಾತು ಹೆಚ್ಚಾಗಿಯೇ ಹೇಳುತ್ತೇನೆ.

ಮೊದಲು ರಾತ್ರಿಯ ಲೆಕ್ಕ ನೋಡಿ. ಇದು ಮಾಮೂಲಿ ಪ್ರವೇಶದಲ್ಲಿ ಸೇರಿಲ್ಲ, ಪ್ರತ್ಯೇಕ ಟಿಕೆಟ್. ಕಾರ್ಯಕ್ರಮ ರಾತ್ರಿ 9ರಿಂದ 1 ಗಂಟೆಯವರೆಗೆ. ಟಿಕೆಟ್ ಇದ್ದವರನ್ನು ಸಂಜೆ 6ಕ್ಕೇ ಒಳಗೆ ಬಿಡುತ್ತಾರೆ. ಮೂರು ವರ್ಷ ತುಂಬಿದ ಮಗುವಿಗೂ ಟಿಕೆಟ್ ಬೇಕು. ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಎಂಟೂವರೆಗೆ ಕಣ್ಣು ಉಜ್ಜಲು ಶುರುಮಾಡುತ್ತದೆ, ಅಂದರೆ ನೀವು ದುಡ್ಡು ಕೊಟ್ಟದ್ದು ಆರಂಭವಾಗುವ ಮೊದಲೇ ಅವಳ ದಿನ ಮುಗಿದಿರುತ್ತದೆ. ನಿದ್ದೆಗೆಟ್ಟ ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡು ವೇಷಧಾರಿಗಳ ಸಾಲಿನಲ್ಲಿ ನಿಲ್ಲುವ ಅಪ್ಪಂದಿರನ್ನು ಪ್ರತಿ ಬಾರಿಯೂ ನೋಡುತ್ತೇನೆ. ಅವರ ಮುಖದಲ್ಲಿ ನಕ್ಷತ್ರಯುದ್ಧದ ಕಳೆಯೇನೂ ಇರುವುದಿಲ್ಲ.

ಇನ್ನೊಂದು ಸಂಗತಿ, ಆ ರಾತ್ರಿ ನಿಜವಾಗಿ ದೊಡ್ಡವರಿಗಾಗಿ ಕಟ್ಟಿದ್ದು. 1977ರ ಮೇ 25ರಂದು ಮೊದಲ ಚಿತ್ರ ತೆರೆಗೆ ಬಂದಾಗ ಹುಡುಗರಾಗಿದ್ದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ತಿಂಗಳುಗಟ್ಟಲೆ ಕೂತು ಹೊಲಿದ ಉಡುಪು ತೊಟ್ಟು ಅವರು ಬರುತ್ತಾರೆ. ಮಾಮೂಲಿ ದಿನಗಳಲ್ಲಿ ಕಾಣದ ಪಾತ್ರಗಳು ಅಂದು ಫೋಟೊಗೆ ನಿಲ್ಲುತ್ತವೆ, ಅವಕ್ಕಾಗಿ ಒಂದು ಗಂಟೆ ಕಾಯುವುದನ್ನೂ ಅಭಿಮಾನಿಗಳು ಹಬ್ಬವೆಂದೇ ತಿಳಿಯುತ್ತಾರೆ. ಸಾಲಿನಲ್ಲಿ ಮುಂದೆ ನಿಂತವರ ಶಿರಸ್ತ್ರಾಣದ ಬಣ್ಣ ಯಾವ ಚಿತ್ರದ್ದು ಎಂದು ಹಿಂದೆ ನಿಂತವರು ಚರ್ಚಿಸುತ್ತಾರೆ. ನಿಮ್ಮ ಮಗನಿಗೆ ಈ ಚರ್ಚೆ ಪರಮಾನ್ನವಾಗಬಹುದು. ಶಾಲೆಯಲ್ಲಿ ಅವನ ಮಾತಿಗೆ ಅಷ್ಟು ಹೊತ್ತು ಕಿವಿ ಕೊಡುವವರು ಸಿಗುವುದಿಲ್ಲ. ಇಲ್ಲಿ ಅಪರಿಚಿತ ಹಿರಿಯರು ಅವನನ್ನು ಸಮವಯಸ್ಕನಂತೆ ಮಾತನಾಡಿಸುತ್ತಾರೆ, ಅವನು ತಪ್ಪು ಹೇಳಿದರೆ ಗಂಭೀರವಾಗಿ ತಿದ್ದುತ್ತಾರೆ ಕೂಡ. ಆ ದುಬಾರಿ ಟಿಕೆಟ್‌ಗೆ ಬೆಲೆ ಬರುವುದು ಈ ಒಂದು ಕಾರಣಕ್ಕೆ ಎಂಬುದು ನನ್ನ ಎಣಿಕೆ. ಸವಾರಿಗಳೇನು, ಹಗಲೂ ಸಿಗುತ್ತವೆ.

ಹೆದರಿಕೆಯ ವಿಷಯ ನೀವು ಕೇಳಿಲ್ಲ, ಆದರೆ ನಾಲ್ಕು ವರ್ಷದವಳ ಮಟ್ಟಿಗೆ ಮುಖ್ಯ ಪ್ರಶ್ನೆಯೇ ಅದು. ನಾನು ಕುಂದಾಪುರದ ಕಡೆಯವಳು. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದಾಗ ಚಾಪೆಯ ಮೇಲೆ ಮಲಗಿದ್ದ ಮಕ್ಕಳು ಎದ್ದು ಅಮ್ಮನ ಸೆರಗಿನೊಳಗೆ ತೂರಿಕೊಳ್ಳುವುದನ್ನು ನೀವೂ ಕಂಡಿರಬಹುದು. ಈ ಚಿತ್ರಗಳ ಕಪ್ಪು ಮುಖವಾಡದ ಖಳನಾಯಕ ಡಾರ್ತ್ ವೇಡರ್ ಎದುರಿಗೆ ಬಂದರೆ ಆಗುವುದೂ ಅದೇ. ವ್ಯತ್ಯಾಸವೆಂದರೆ ಬಣ್ಣದ ವೇಷ ರಂಗದ ಮೇಲೇ ಇರುತ್ತಿತ್ತು. ಇಲ್ಲಿ ಖಳರ ಸೈನಿಕರಾದ, ಬಿಳಿ ಕವಚದ ಸ್ಟಾರ್ಮ್‌ಟ್ರೂಪರ್‌ಗಳು ಓಣಿಗಳಲ್ಲಿ ಗಸ್ತು ತಿರುಗುತ್ತ, ದಾರಿಹೋಕರನ್ನು ತಡೆದು ವಿಚಾರಣೆ ಮಾಡುತ್ತಾರೆ. ಹಿರಿಯರಿಗೆ ತಮಾಷೆ, ಸಣ್ಣವರಿಗೆ ನಿಜ. ಮಗಳು ಮೊದಲು ನೋಡುವುದು ಆರ್2-ಡಿ2 ಎಂಬ ಪುಟ್ಟ ರೋಬಾಟ್ ಆಗಿರಲಿ. ಪಿಳಿಪಿಳಿ ದೀಪದ, ಕುಯ್ಯೆನ್ನುವ ಆ ಡಬ್ಬಿಯನ್ನು ಕಂಡು ಅತ್ತ ಮಗುವನ್ನು ನಾನು ಕಂಡಿಲ್ಲ. ಆಮೇಲೆ ಚ್ಯೂಬಾಕಾ: ಎತ್ತರ ಭಯಂಕರವೇ, ಆದರೆ ಮೈತುಂಬ ರೋಮವಿರುವ ಜೀವಿಯನ್ನು ಮಕ್ಕಳು ಬೇಗ ಕ್ಷಮಿಸುತ್ತಾರೆ. ಕಪ್ಪು ಮುಖವಾಡದವರನ್ನು ದೂರದಿಂದ ಕಂಡರೆ ಸಾಕು. ಫೋಟೊಗಾಗಿ ಬಲವಂತವಾಗಿ ಪಕ್ಕದಲ್ಲಿ ನಿಲ್ಲಿಸಬೇಡಿ.

ಈಗ ಹಗಲಿನ ಮಾತಿಗೆ ಬರುತ್ತೇನೆ, ನಿಮ್ಮ ಕುಟುಂಬದ ಪಾಲಿಗೆ ಅಸಲು ಅದೇ. ಡಿಸ್ನಿಲ್ಯಾಂಡ್‌ನೊಳಗೆ ಸ್ಟಾರ್ ವಾರ್ಸ್‌ಗೆಂದೇ 14 ಎಕರೆಯಲ್ಲಿ ಕಟ್ಟಿದ ಗ್ಯಾಲಕ್ಸೀಸ್ ಎಡ್ಜ್ 2019ರ ಮೇ 31ರಂದು ತೆರೆಯಿತು. ಬಾಟೂ ಎಂಬ ಗ್ರಹದ ಸಂತೆಯೂರಿನ ಹಾಗೆ ಅದನ್ನು ರೂಪಿಸಿದ್ದಾರೆ: ಮಾಸಿದ ಗೋಡೆಗಳು, ತೂಗುಬಿದ್ದ ತಂತಿಗಳು, ಪೂರ್ಣ ಗಾತ್ರದ ಮಿಲೇನಿಯಮ್ ಫಾಲ್ಕನ್ ನೌಕೆ. ಕೆಲಸದವರೂ ಆ ಗ್ರಹದ ನಿವಾಸಿಗಳಂತೆಯೇ ಮಾತನಾಡುತ್ತಾರೆ, ಬೆಳಗ್ಗೆ ‘ಬ್ರೈಟ್ ಸನ್ಸ್’ ಎಂದು ಸ್ವಾಗತಿಸುತ್ತಾರೆ. ಫಲಕಗಳಲ್ಲಿ ಅನೇಕವು ಆರಬೆಶ್ ಎಂಬ ಕಾಲ್ಪನಿಕ ಲಿಪಿಯಲ್ಲಿವೆ. ಕನ್ನಡದ ಒತ್ತಕ್ಷರ ಕಲಿಯಲು ಎರಡು ವರ್ಷ ಕಣ್ಣೀರು ಹಾಕಿದ ನನ್ನ ಮಗ ಆ ಲಿಪಿಯನ್ನು ತಾನಾಗಿಯೇ ಕಲಿತು ಶೌಚಾಲಯದ ಫಲಕವನ್ನು ಗಟ್ಟಿಯಾಗಿ ಓದಿ ಹೇಳಿದ. ನಾನು ಹೆಮ್ಮೆಪಡಬೇಕೋ ಬೈಯಬೇಕೋ ತಿಳಿಯದೆ ನಿಂತೆ.

2024 ಮತ್ತು 2025ರ ವಸಂತಗಳಲ್ಲಿ ‘ಸೀಸನ್ ಆಫ್ ದಿ ಫೋರ್ಸ್’ ಎಂಬ ಹೆಸರಿನಲ್ಲಿ ಹಲವು ವಾರಗಳ ಸಂಭ್ರಮ ನಡೆಯಿತು. ಆಗ ಸ್ಪೇಸ್ ಮೌಂಟನ್ ಎಂಬ ಕತ್ತಲೆಯ ರೋಲರ್ ಕೋಸ್ಟರ್‌ಗೆ ಯುದ್ಧನೌಕೆಗಳ ಚಿತ್ರಣ ಸೇರಿಸಿ ಹೈಪರ್‌ಸ್ಪೇಸ್ ಮೌಂಟನ್ ಎಂದು ಓಡಿಸಿದರು. ನಿಮ್ಮ ರಜೆ ಇಂಥ ವಾರಗಳಿಗೆ ಹೊಂದಿಕೆಯಾದರೆ ಮಾಮೂಲಿ ಟಿಕೆಟ್‌ನಲ್ಲೇ ಅರ್ಧ ಹಬ್ಬ ಸಿಕ್ಕಂತೆ. ಮೇ 4ರಂದೇ ಬರಬೇಕೆಂದು ಹಟ ಮಾಡಬೇಡಿ. ಸ್ಟಾರ್ ವಾರ್ಸ್ ದಿನವೆಂದು ಅಂದು ಅಭಿಮಾನಿಗಳೆಲ್ಲ ಅಲ್ಲೇ ಇರುತ್ತಾರೆ. ಅದರ ಹಿಂದಿನ ಅಥವಾ ಮುಂದಿನ ವಾರದ ಮಂಗಳವಾರ, ಬುಧವಾರಗಳು ಸಣ್ಣ ಮಕ್ಕಳಿರುವವರಿಗೆ ಹೆಚ್ಚು ಸಹ್ಯ.

ಮಗಳ ಎತ್ತರವನ್ನು ಮನೆಯಲ್ಲೇ ಅಳೆದು ಬನ್ನಿ. ಮಿಲೇನಿಯಮ್ ಫಾಲ್ಕನ್ ಸವಾರಿಗೆ 97 ಸೆಂಟಿಮೀಟರ್ ಬೇಕು. ರೈಸ್ ಆಫ್ ದಿ ರೆಸಿಸ್ಟೆನ್ಸ್, ಸ್ಟಾರ್ ಟೂರ್ಸ್, ಸ್ಪೇಸ್ ಮೌಂಟನ್ ಈ ಮೂರು ಸವಾರಿಗಳಿಗೂ 102. ನಾಲ್ಕು ವರ್ಷದ ಮಕ್ಕಳು ಸರಿಯಾಗಿ ಈ ಗೆರೆಯ ಆಸುಪಾಸಿನಲ್ಲೇ ಇರುವುದರಿಂದ, ಬಾಗಿಲಲ್ಲಿ ಅಳತೆಗೋಲಿನ ಮುಂದೆ ನಿಲ್ಲಿಸಿ ವಾಪಸು ಕಳಿಸಿದರೆ ರಂಪಾಟ ಖಂಡಿತ. ಎತ್ತರ ಸಾಲದಿದ್ದರೆ ರೈಡರ್ ಸ್ವಿಚ್ ಕೇಳಿ: ಒಬ್ಬರು ಮಗನೊಂದಿಗೆ ಹೋಗಿ ಬರುವವರೆಗೆ ಇನ್ನೊಬ್ಬರು ಮಗಳೊಂದಿಗೆ ಹೊರಗಿರುತ್ತಾರೆ, ಆಮೇಲೆ ಅವರು ಮತ್ತೆ ಉದ್ದನೆಯ ಸಾಲಿನಲ್ಲಿ ನಿಲ್ಲದೆ ಹೋಗಬಹುದು.

ಫಾಲ್ಕನ್‌ನಲ್ಲಿ ಒಂದು ಕೋಣೆಗೆ ಆರು ಜನ: ಇಬ್ಬರು ಚಾಲಕರು, ಇಬ್ಬರು ಗುಂಡು ಹಾರಿಸುವವರು, ಇಬ್ಬರು ಎಂಜಿನಿಯರ್‌ಗಳು. ಎಡಗಡೆಯ ಚಾಲಕ ನೌಕೆಯನ್ನು ಎಡಬಲಕ್ಕೆ ತಿರುಗಿಸುತ್ತಾನೆ, ಬಲಗಡೆಯವನು ಮೇಲೆ ಕೆಳಗೆ ಒಯ್ಯುತ್ತಾನೆ. ಬೆಳಕಿನ ವೇಗಕ್ಕೆ ಹಾರಿಸುವ ಸನ್ನೆಗೋಲು ಇರುವುದು ಬಲಗಡೆಯವನ ಕೈಯಲ್ಲಿ, ಅದಕ್ಕೇ ಆ ಜಾಗಕ್ಕೆ ಜಗಳ. ಸಿಬ್ಬಂದಿಯನ್ನು ಮೊದಲೇ ವಿನಯದಿಂದ ಕೇಳಿಕೊಂಡರೆ ಮಗನಿಗೆ ಕೊಡುವುದುಂಟು. ಪ್ರಯಾಣದಲ್ಲಿ ವಾಂತಿಯಾಗುವ ಸ್ವಭಾವದವರು ನಿಮ್ಮ ಮನೆಯಲ್ಲಿದ್ದರೆ ಮಾತ್ರ, ಒಂಬತ್ತು ವರ್ಷದ ಚಾಲಕನ ಹಿಂದೆ ಕೂರಿಸಬೇಡಿ.

ರೈಸ್ ಆಫ್ ದಿ ರೆಸಿಸ್ಟೆನ್ಸ್ ಈ ಪಾರ್ಕಿನ ಕಿರೀಟ. ಅದು ಒಂದು ಸವಾರಿ ಎನ್ನುವುದಕ್ಕಿಂತ ಒಳಗೆ ನಡೆದು ಹೋಗುವ ನಾಟಕ. ನಿಮ್ಮನ್ನು ಸೆರೆಹಿಡಿದು ಶತ್ರುನೌಕೆಗೆ ಒಯ್ಯುತ್ತಾರೆ, ಬಾಗಿಲು ತೆರೆದರೆ ಎದುರಿಗೆ 50 ಸ್ಟಾರ್ಮ್‌ಟ್ರೂಪರ್‌ಗಳು ಸಾಲಾಗಿ ನಿಂತಿರುತ್ತಾರೆ. ನಂತರ ಅಧಿಕಾರಿಗಳ ವೇಷದ ಸಿಬ್ಬಂದಿ ಮುಗುಳ್ನಗೆಯಿಲ್ಲದೆ ಗದರಿಸಿ ನಿಲ್ಲಿಸುತ್ತಾರೆ. 102 ಸೆಂಟಿಮೀಟರ್ ದಾಟಿದ ಮಾತ್ರಕ್ಕೆ ಮಗು ಇದಕ್ಕೆ ಸಿದ್ಧವೆಂದು ಅರ್ಥವಲ್ಲ. ‘ಇವರು ನಾಟಕದವರು, ಸುಮ್ಮನೆ ಸಿಟ್ಟು ಮಾಡುತ್ತಾರೆ’ ಎಂದು ಮೊದಲೇ ಹೇಳಿಟ್ಟರೆ ಕೆಲವು ಮಕ್ಕಳು ಅಧಿಕಾರಿಗಳಿಗೇ ಎದುರುತ್ತರ ಕೊಡುವಷ್ಟು ಧೈರ್ಯ ತಾಳುತ್ತಾರೆ.

ವೇಷದ ಬಗ್ಗೆ. 14 ವರ್ಷದೊಳಗಿನ ಮಕ್ಕಳು ಯಾವ ದಿನವಾದರೂ ಪಾತ್ರದ ಉಡುಪಿನಲ್ಲಿ ಬರಬಹುದು, ಚಿತ್ರದ ಬೆಳಕಿನ ಕತ್ತಿಯಾದ ಲೈಟ್‌ಸೇಬರ್‌ನ ಪ್ಲಾಸ್ಟಿಕ್ ಆಟಿಕೆಗೂ ಅಡ್ಡಿಯಿಲ್ಲ. ದೊಡ್ಡವರಿಗೆ ಮಾಮೂಲಿ ದಿನಗಳಲ್ಲಿ ವೇಷ ನಿಷಿದ್ಧ, ರಾತ್ರಿಯ ಕಾರ್ಯಕ್ರಮದಲ್ಲಿ ಅನುಮತಿ ಇದೆ. ಆಗಲೂ ಮುಖ ಪೂರ್ತಿ ಮುಚ್ಚುವ ಮುಖವಾಡ ಕೂಡದು, ನೆಲ ಗುಡಿಸುವ ಉಡುಪು ಕೂಡದು, ಹೆಗಲಿನಿಂದ ಇಳಿಬಿಡುವ ಮೇಲುಹೊದಿಕೆ ಸೊಂಟದಿಂದ ಕೆಳಗೆ ಇಳಿಯಬಾರದು. ಇದರಿಂದ ಚಿತ್ರದ ವೀರಯೋಧರಾದ ಜೇಡಿಗಳ ಉದ್ದ ಅಂಗಿಗೆ ನೂರಾರು ಡಾಲರ್ ಸುರಿದವರು ಬಾಗಿಲಲ್ಲಿ ಪೇಚಾಡುತ್ತಾರೆ. ನನ್ನ ಗಂಡ ಊರಿನ ಖಾದಿ ಭಂಡಾರದಲ್ಲಿ ಕೊಂಡ ಮಣ್ಣುಬಣ್ಣದ ಜುಬ್ಬಾ ತೊಟ್ಟು, ಸೊಂಟಕ್ಕೆ ಅಗಲವಾದ ಬೆಲ್ಟ್ ಬಿಗಿದು ಹೋಗುತ್ತಾರೆ. ಎಲ್ಲಿ ಹೊಲಿಸಿದಿರಿ ಎಂದು ಅಭಿಮಾನಿಗಳು ಕೇಳುತ್ತಾರೆ, ಅವರು ಗಾಂಭೀರ್ಯದಿಂದ ಉತ್ತರಿಸುವುದನ್ನು ನೋಡಲು ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಮಗನಿಗೆ ಮುಂಚಿತವಾಗಿ ಮಾತು ಕೊಡುವಾಗ ಎಚ್ಚರ. ಮಕ್ಕಳನ್ನು ವೇದಿಕೆಗೆ ಹತ್ತಿಸಿ ಡಾರ್ತ್ ವೇಡರ್ ಜೊತೆ ಕಾದಾಡಿಸುತ್ತಿದ್ದ ಜೇಡಿ ತರಬೇತಿ ಪ್ರದರ್ಶನ ಈಗ ಇಲ್ಲ, ಹಳೆಯ ವಿಡಿಯೊಗಳಲ್ಲಿ ಮಾತ್ರ ಉಳಿದಿದೆ. ಸ್ವತಃ ಲೈಟ್‌ಸೇಬರ್ ಜೋಡಿಸುವ ಸಾವೀಸ್ ವರ್ಕ್‌ಶಾಪ್ ಇದೆ, ಆದರೆ ಖರ್ಚು 200 ಡಾಲರ್ ಮೀರುತ್ತದೆ, ಕಾಯ್ದಿರಿಸಲೂ ಬೇಕು. ಪುಟ್ಟ ರೋಬಾಟ್ ಜೋಡಿಸುವ ಡ್ರಾಯ್ಡ್ ಡಿಪೋ ಅದಕ್ಕಿಂತ ಅಗ್ಗ, ಆದರೂ ನೂರು ದಾಟುತ್ತದೆ. ಎರಡರಲ್ಲಿ ಒಂದು ಎಂದು ಮನೆಯಲ್ಲೇ ತೀರ್ಮಾನಿಸಿ. ನನ್ನನ್ನು ಕೇಳಿದರೆ ಡ್ರಾಯ್ಡ್. ಕತ್ತಿ ಗೋಡೆಗೆ ಒರಗುತ್ತದೆ, ಡ್ರಾಯ್ಡ್ ಮನೆ ತುಂಬ ಓಡಾಡುತ್ತದೆ. ತಂಗಿಗೂ ಅದರಲ್ಲಿ ಪಾಲು ಸಿಗುತ್ತದೆ.

ಊಟದ ಚಿಂತೆ ಬೇಡ. ಸ್ವಂತಕ್ಕೆಂದು ಮನೆಯ ತಿಂಡಿ ಒಯ್ಯಬಹುದು. ಗಾಜಿನ ಡಬ್ಬಿ, ಬಿಸಿ ಮಾಡಬೇಕಾದದ್ದು, ಘಾಟು ವಾಸನೆಯದ್ದು ಬೇಡವೆಂಬ ನಿಯಮವಿದೆ. ಚಟ್ನಿಪುಡಿ ಸವರಿದ ಚಪಾತಿ ಸುರುಳಿ, ಕೋಡುಬಳೆ, ಬಾಳೆಹಣ್ಣು ನಮ್ಮ ಚೀಲದಲ್ಲಿ ಸದಾ ಇರುತ್ತವೆ. ಅಲ್ಲಿನ ಪ್ರಸಿದ್ಧ ನೀಲಿ ಹಾಲಿನಲ್ಲಿ ಹಾಲೇ ಇಲ್ಲ. ತೆಂಗಿನಕಾಯಿ ಮತ್ತು ಅಕ್ಕಿಯ ಹಾಲಿನಿಂದ ಮಾಡಿದ, ಮಂಜಿನಂತೆ ಗಟ್ಟಿಯಾದ ಪಾನೀಯ ಅದು. ತೆಂಗು, ಅಕ್ಕಿ ಎಂದರೆ ನಮ್ಮ ನಾಲಿಗೆಗೆ ಹತ್ತಬೇಕಿತ್ತು. ನನಗೆ ಹತ್ತಲಿಲ್ಲ, ಬರೀ ಸಿಹಿ. ಮಕ್ಕಳು ತಳದವರೆಗೆ ಹೀರುತ್ತಾರೆ, ನಾಲಿಗೆ ನೀಲಿಯಾಯಿತೇ ಎಂದು ಒಬ್ಬರಿಗೊಬ್ಬರು ತೋರಿಸುತ್ತಾರೆ.

ಮಗನಿಗೆ ಸವಾರಿಗಳಿಗಿಂತ ನಟರ ಭೇಟಿ, ಹೊಸ ಚಿತ್ರಗಳ ಘೋಷಣೆ ಇವೇ ಬೇಕೆಂದರೆ ಅದಕ್ಕೆ ಥೀಮ್ ಪಾರ್ಕ್ ತಕ್ಕ ಜಾಗವಲ್ಲ, ಸ್ಟಾರ್ ವಾರ್ಸ್ ಸೆಲೆಬ್ರೇಷನ್ ಎಂಬ ಸಮ್ಮೇಳನಕ್ಕೆ ಹೋಗಬೇಕು. 2022ರಲ್ಲಿ ಅದು ಡಿಸ್ನಿಲ್ಯಾಂಡ್‌ನ ನೆರೆಯ ಸಭಾಂಗಣದಲ್ಲೇ ನಡೆದಿತ್ತು, 2027ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ಗೆ ಬರಲಿದೆಯೆಂದು ಘೋಷಿಸಿದ್ದಾರೆ.

ಅತ್ತೆಯವರ ಮಾತು ಉಳಿಯಿತು. ಬೆನ್ನು, ಕುತ್ತಿಗೆ ನೋವಿದ್ದರೆ ಮೇಲೆ ಹೇಳಿದ ನಾಲ್ಕು ಸವಾರಿಗಳಲ್ಲಿ ಯಾವುದೂ ಬೇಡ. ಪಾರ್ಕಿನ ಸುತ್ತ ಓಡುವ ಉಗಿಬಂಡಿ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ದಿನದಿಂದಲೂ ಇದೆ. ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಅದರಲ್ಲಿ ಎರಡು ಸುತ್ತು ಕೂತರೆ ಕಾಲಿಗೂ ವಿಶ್ರಾಂತಿ, ಮಗುವಿಗೂ ಒಂದು ತೂಕಡಿಕೆ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ‘ನನಗೇನು ಮುಪ್ಪು ಬಂದಿದೆಯೇ’ ಎಂದು ಬೆಳಗ್ಗೆ ತಿರಸ್ಕರಿಸುವವರು ಮಧ್ಯಾಹ್ನ ಮೂರಕ್ಕೆ ತಾವೇ ಕೇಳುತ್ತಾರೆ, ಹಾಗಾಗಿ ಪಾರ್ಕಿನೊಳಕ್ಕೆ ಕಾಲಿಡುವ ಮುನ್ನವೇ ತೆಗೆದುಕೊಂಡುಬಿಡಿ, ಅಲ್ಲಿಯವರೆಗೆ ಚೀಲಗಳನ್ನು ಅದರ ಮೇಲಿಟ್ಟು ತಳ್ಳಬಹುದು. ರಾತ್ರಿಯ ಟಿಕೆಟ್‌ಗಳು ಬೇಗ ಖಾಲಿಯಾಗುತ್ತವೆ, ಆದ್ದರಿಂದ ದಿನಾಂಕ ಪ್ರಕಟವಾದ ಕೂಡಲೇ ಮಗನದ್ದನ್ನೂ ಅವನ ಜೊತೆ ಹೋಗುವವರದ್ದನ್ನೂ ಕೊಂಡು, ಪಾರ್ಕಿಗೆ ನಡೆದೇ ಹೋಗಬಹುದಾದ ಹೋಟೆಲ್ ಹುಡುಕಿ. ರಾತ್ರಿ ಒಂದು ಗಂಟೆಗೆ ಹೊರಬಂದು ಸ್ಯಾನ್ ಹೋಸೆಯ ಕಡೆ ಕಾರು ತಿರುಗಿಸುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.