ಡಬ್ಬಿ ಮ್ಯಾಲಿನ ಹೆಸರು ಬಿಡ್ರಿ, ಒಳಗಿನ ಚಿಪ್ ನೋಡ್ರಿ

ವೈಫೈ ಅಡಾಪ್ಟರ್ ಡ್ರೈವರ್ (ಅಡಾಪ್ಟರ್ ನಡಸೂ ಸಾಫ್ಟ್‌ವೇರ್) ಪ್ರಶ್ನೆ ಹುಬ್ಬಳ್ಳಿಯಿಂದ ಹಾವೇರಿ ತನಕ ಎಲ್ಲಾ ಕಡೆಯಿಂದ ಬರಾಕತ್ತಾವು, ಎಷ್ಟ್ ಸಲ ಹೇಳಿದ್ರೂ ಅವ ಬರ್ತಾವು, ಅದಕ್ಕ ಈ ವಾರ ಇದನ್ನ ಮುಗಸ್ತೀನಿ. ಟರ್ಮಿನಲ್ ತೆಗಿಯೂದು ಹೆಂಗ, ಡಿವೈಸ್ ಮ್ಯಾನೇಜರ್ ಎಲ್ಲಿರ್ತೈತಿ ಅಂತೆಲ್ಲಾ ಇಲ್ಲಿ ಬರಿಯೂದಿಲ್ಲ.

ಪ್ರಶ್ನೆ (ಗದಗ, ಇಂಜಿನಿಯರಿಂಗ್ ವಿದ್ಯಾರ್ಥಿ): ಸರ್, ನನ್ನ ರೂಮ್‌ಮೇಟ್ ಹತ್ರ ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಎನ್722ಎನ್ ಯುಎಸ್‌ಬಿ ವೈಫೈ ಅಡಾಪ್ಟರ್ ಐತ್ರಿ, ಉಬುಂಟು ಲಿನಕ್ಸ್‌ನಾಗ ಹಾಕಿದ ಕೂಡ್ಲೆ ನಡೀತೈತಿ. ನಾನೂ ಅದನ್ನ ತಂದೆ, ನಡೀಲಿಲ್ಲ. ನೆಟ್‌ನಾಗ ಸಿಕ್ಕ ಡ್ರೈವರ್ ಹಾಕಿದೆ, ನಡೀತು, ಅಪ್‌ಡೇಟ್ ಆದ್ಮ್ಯಾಲೆ ಮತ್ತ ಹೋತು. ಅಂಗಡ್ಯಾವ್ರು ಲಿನಕ್ಸ್ ತಗದು ವಿಂಡೋಸ್ ಹಾಕಸ್ರಿ ಅಂತಾರ. ಪೀಸ್ ಡಿಫೆಕ್ಟ್ ಏನ್ರಿ?

ಉತ್ತರ: ಡಿಫೆಕ್ಟ್ ಅಲ್ಲಪ್ಪಾ, ನೀ ತಂದಿದ್ದು ಅದ ಅಲ್ಲ. ಹೆಸರು ಅದ ಇದ್ರೂ ವರ್ಷನ್ 1ರಾಗ ಇದ್ದಿದ್ದು ಅಥೆರಾಸ್ ಎಆರ್9271 ಚಿಪ್, ಅದರ ಡ್ರೈವರ್ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗ ಐತಿ, ಹಿಂಗಾಗಿ ಹಾಕಿದ ಕೂಡ್ಲೆ ನಡೀತೈತಿ. ವರ್ಷನ್ 2 ಬಂದಾಗ ರಿಯಲ್‌ಟೆಕ್ ಆರ್‌ಟಿಎಲ್8188ಇಯುಎಸ್ ಚಿಪ್ ಹಾಕಿದ್ರು, ಡಬ್ಬಿ ಮ್ಯಾಲೆ ಮಾಡೆಲ್ ನಂಬರ್ ಮಾತ್ರ ಬದಲಾಗಲಿಲ್ಲ. ಹಚ್ಚಿದ ಯುಎಸ್‌ಬಿ ಸಾಮಾನಿನ ಐಡಿ ತೋರಸೂ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಡು, ರೂಮ್‌ಮೇಟಂದು 0ಸಿಎಫ್3:9271 ಅಂತ ಬರ್ತೈತಿ, ನಿಂದು 2357:010ಸಿ ಅಂತ ಬರ್ತೈತಿ. ಆಪರೇಟಿಂಗ್ ಸಿಸ್ಟಮ್ ನೋಡೂದು ಈ ಐಡಿನ್ನಷ್ಟ, ಡಬ್ಬಿ ಅದಕ್ಕ ಕಾಣೂದಿಲ್ಲ. ವಿಂಡೋಸ್‌ನಾಗೂ ಅಷ್ಟ, ಹಾರ್ಡ್‌ವೇರ್ ಐಡಿಯೊಳಗ ವಿಐಡಿ (ಕಂಪನಿ ನಂಬರ್), ಪಿಐಡಿ (ಸಾಮಾನಿನ ನಂಬರ್) ನೋಡಿ ಡ್ರೈವರ್ ಹುಡುಕಬೇಕು.

ಇನ್ನ ಅಪ್‌ಡೇಟ್ ಆದ್ಮ್ಯಾಲೆ ಯಾಕ್ ಹೋತು. ನೀ ಹಾಕಿದ್ದು ಹೊರಗಿನ ಡ್ರೈವರ್, ಅದನ್ನ ಅವತ್ತಿದ್ದ ಕರ್ನಲ್‌ಗಷ್ಟ ಕಂಪೈಲ್ ಮಾಡಿದ್ದಿ (ಕೋಡ್‌ನಿಂದ ಕಟ್ಟಿದ್ದಿ), ಹೊಸ ಕರ್ನಲ್ ಬಂತು, ಅದಕ್ಕ ಆ ಮಾಡ್ಯೂಲ್ (ಕಟ್ಟಿದ ಡ್ರೈವರ್ ಫೈಲ್) ಇಲ್ಲ. ಡಿಕೆಎಂಎಸ್ ಅನ್ನೂ ಸಾಫ್ಟ್‌ವೇರ್ ಮೂಲಕ ಹಾಕಿದ್ರ ಪ್ರತಿ ಕರ್ನಲ್‌ಗೂ ತಾನ ಮತ್ತ ಕಂಪೈಲ್ ಆಗ್ತೈತಿ, ಆದ್ರ ಬರದಾವ್ರು ಕೋಡ್ ನೋಡ್ಕೊಳ್ಳೂದು ಬಿಟ್ರ ಅದೂ ಒಂದಿನ ಕೈ ಕೊಡ್ತೈತಿ. ಸೆಕ್ಯೂರ್ ಬೂಟ್ (ಸಹಿ ನೋಡಿ ಒಳಗ ಬಿಡೂ ಭದ್ರತಾ ವ್ಯವಸ್ಥೆ) ಆನ್ ಇದ್ರ ಸಹಿ ಇಲ್ಲದ ಮಾಡ್ಯೂಲ್ ಲೋಡ್ ಆಗೂದಿಲ್ಲ. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳ್ತೈತಲ್ಲ, ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನ್‌ನಾಗ ಎನ್‌ರೋಲ್ ಅಂತ ಒತ್ತಿ ಅದನ್ನ ಕೊಡಬೇಕು, ನೀವೆಲ್ಲಾ ಗಾಬರಿಯಾಗಿ ಕಂಟಿನ್ಯೂ ಒತ್ತತೀರಿ, ಆಮ್ಯಾಲೆ ಡ್ರೈವರ್ ಕೆಟ್ಟೈತಿ ಅಂತೀರಿ.

ನನ್ನ ಮಾತು ಕೇಳಿದ್ರ, ಹೊರಗಿನ ಡ್ರೈವರ್ ಕಿತ್ತುಹಾಕಿ ಉಬುಂಟು 24.04ಕ್ಕ ಬಾ. ಅದರ 6.8 ಕರ್ನಲ್‌ನಾಗ ನಿನ್ನ ಚಿಪ್‌ಗೂ ಡ್ರೈವರ್ ಸೇರೈತಿ. ಆರ್‌ಟಿಎಲ್8821ಸಿಯು, 8822ಬಿಯು ಚಿಪ್ ಇದ್ದಾವ್ರಿಗೂ 6.2ರಿಂದ ಕರ್ನಲ್‌ನಾಗ ಡ್ರೈವರ್ ಬಂದೈತಿ. ಅದನ್ನೆಲ್ಲಾ ಇಳಸಾಕ ನೆಟ್ ಎಲ್ಲಿಂದ ಅಂತ ಕೇಳಬ್ಯಾಡ, ಫೋನ್‌ಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು. ಹೆಸರಿಲ್ಲದ ಅಗ್ಗದ ವೈಫೈ ಸ್ಟಿಕ್ ತಂದು ಐಡಿ 0ಬಿಡಿಎ:1ಎ2ಬಿ ಅಂತ ಬಂದ್ರ ಅದು ಸಿಡಿ ಡ್ರೈವ್‌ನಂಗ ವೇಷ ಹಾಕಿ ಕುಂತಿರ್ತೈತಿ, ಒಳಗ ವಿಂಡೋಸ್ ಡ್ರೈವರ್ ಇಟ್ಟಿರ್ತಾರ. ಇಜೆಕ್ಟ್ ಮಾಡ್ರಿ, ಇಲ್ಲಾ ವೇಷ ಬಿಡಸೂ ಯುಎಸ್‌ಬಿ-ಮೋಡ್‌ಸ್ವಿಚ್ ಸಾಫ್ಟ್‌ವೇರ್ ಹಾಕ್ರಿ, ಖರೇ ಐಡಿ ಆಗ ಕಾಣ್ತೈತಿ.

ಅಂಗಡ್ಯಾವ್ರ ಮಾತಿಗೆ ಓಎಸ್ ಬದಲಿ ಮಾಡಬ್ಯಾಡ. ಐಡಿ ನೋಡದ ಫಾರ್ಮ್ಯಾಟ್ ಮಾಡ್ರಿ ಅನ್ನಾವ್ರು ನಾಡಿ ಹಿಡೀದ ಔಷಧ ಬರದಂಗ. ಫಾರ್ಮ್ಯಾಟ್ ರೊಕ್ಕ ಅವರಿಗೆ, ಪ್ರಾಜೆಕ್ಟ್ ಫೈಲ್ ಹೋಗೂದು ನಿಂದು.

ಪ್ರಶ್ನೆ (ಹಾವೇರಿ): ಎಎಂಡಿ ಪ್ರೊಸೆಸರ್ ಲ್ಯಾಪ್‌ಟಾಪ್‌ಗೆ ಇಂಟೆಲ್ ಎಎಕ್ಸ್211 ವೈಫೈ ಕಾರ್ಡ್ ಹಾಕೀನಿ, ಯಾವ ಡ್ರೈವರ್ ಹಾಕಿದ್ರೂ ಕಾಣವಲ್ದು.

ಉತ್ತರ: ಅದು ಇಂಟೆಲ್ ಪ್ರೊಸೆಸರ್‌ಗಷ್ಟ ಮಾಡಿದ, ಸಿಎನ್‌ವಿಐಓ2 ಅನ್ನೂ ಇಂಟೆಲ್‌ನ ಸ್ವಂತ ಜೋಡಣೆಯ ಕಾರ್ಡ್. ವಾಪಸ್ ಕೊಟ್ಟು ಎಎಕ್ಸ್210 ತರ್ರಿ.

ಪ್ರಶ್ನೆ (ರಾಣೆಬೆನ್ನೂರು): ಹೊಸ ಡ್ರೈವರ್ ಹಾಕಿದ್ರ 5 ಗಿಗಾಹರ್ಟ್ಸ್ ವೈಫೈ ಬರ್ತೈತೇನ್ರಿ?

ಉತ್ತರ: ಕಾರ್ಡ್‌ನಾಗ ಆ ರೇಡಿಯೋ ಇಲ್ಲಂದ್ರ ಬರೂದಿಲ್ಲ.

ಪ್ರಶ್ನೆ (ಧಾರವಾಡ): ಯಾವ ಅಡಾಪ್ಟರ್ ತಂದ್ರ ಬಾಜು ಮನಿ ವೈಫೈ ಪಾಸ್‌ವರ್ಡ್ ಸಿಗ್ತೈತಿ?

ಉತ್ತರ: ಇದಕ್ಕ ಉತ್ತರ ಕೊಡೂದಿಲ್ಲ. ಅದು ಅಪರಾಧ.

ಪ್ರಶ್ನೆ (ಹುಬ್ಬಳ್ಳಿ): ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್ ಎಲ್ಲಾ ಹಳೇ ಆಗ್ಯಾವು ಅಂತ ಕೆಂಪಗ ತೋರಸ್ತೈತಿ, ರೊಕ್ಕ ಕೇಳ್ತೈತಿ. ಕೊಡ್ಲ್ಯಾ?

ಉತ್ತರ: ಒಂದ್ ಪೈಸಾನೂ ಕೊಡಬ್ಯಾಡ್ರಿ. ನಡಿಯೂ ಡ್ರೈವರ್‌ನ್ನ ಹಳೇದು ಅಂತ ಹೆದರಿಸೂದ ಅದರ ಧಂದೆ, ಅದರ ಜೋಡಿ ಏನೇನ್ ಬರ್ತೈತೋ ನಿಮಗ ಗೊತ್ತಾಗೂದಿಲ್ಲ. ಇವತ್ತ ತಗದು ಹಾಕ್ರಿ, ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಸೈಟ್ ಇಲ್ಲಾ ವಿಂಡೋಸ್ ಅಪ್‌ಡೇಟ್, ಇವೆರಡ ಬಿಟ್ಟು ಬ್ಯಾರೆ ಕಡೆಯಿಂದ ವೈಫೈ ಡ್ರೈವರ್ ಇಳಸಬ್ಯಾಡ್ರಿ.