ಮಾಲೆ ತೆಗೆದ ಮಾರನೇ ದಿನ

(ಹೆಸರು, ಊರು, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.)

ಮಂಜಣ್ಣನಿಗೆ 43 ವರ್ಷ. ಹಳೇ ಮೈಸೂರು ಕಡೆಯ ತಾಲ್ಲೂಕು ಪಟ್ಟಣವೊಂದರಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ಕೈಕೆಳಗೆ ಹತ್ತು ಹನ್ನೆರಡು ಆಳು. ಕುಡಿತ ಶುರುವಾಗಿದ್ದು ಶನಿವಾರದ ಬಟವಾಡೆ ಮುಗಿದ ಮೇಲೆ, ಆಳುಗಳ ಜೊತೆ. ಕೊನೆಕೊನೆಗೆ ದಿನಕ್ಕೆ ಎರಡು ಕ್ವಾರ್ಟರ್, ಬೆಳಗ್ಗೆ ಕೈ ನಡುಕ ನಿಲ್ಲಿಸೋಕೆ ಒಂದು ನೈಂಟಿ ಬೇರೆ. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ. ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. "ನಾನು ಬರೀ ಕ್ವಾರ್ಟರ್ ಗಿರಾಕಿ" ಅನ್ನುವವರು ಈ ಲೆಕ್ಕ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು, ಕುಡಿತ ಬಿಡಿಸಿಕೊಂಡು, ಗೌರಿ ಹಬ್ಬದ ನಂತರ ಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದರು. ಜೊತೆಗೆ ಹೆಂಡತಿ ಶೋಭಾ, ಬಾಮೈದ ಕಿರಣ. ಕೂತ ಕೂಡಲೇ ಮಂಜಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಅಯ್ಯಪ್ಪ ಮಾಲೆ ಹಾಕಿದ್ರೆ 41 ದಿನ ಒಂದು ತೊಟ್ಟೂ ಮುಟ್ಟಲ್ಲ ಮೇಡಂ. ಮಾಲೆ ತೆಗೆದ ಮಾರನೇ ದಿನ ಶುರು. ನನ್ನಲ್ಲಿ ಭಕ್ತಿ ಕಮ್ಮಿನಾ?"

ಪ್ರಶ್ನೆ ಚೆನ್ನಾಗಿತ್ತು. ಹಾಗಾಗಿ ಮೊದಲ ಭೇಟಿ ಪೂರ್ತಿ ಆ 41 ದಿನಗಳ ಬಗ್ಗೆಯೇ ಮಾತಾಡಿದೆವು. ಬೆಳಗ್ಗೆ ತಣ್ಣೀರು ಸ್ನಾನ, ಗುಂಪಿನ ಜೊತೆ ಶರಣು. ಸಂಜೆ ಆರೂವರೆಗೆ ಭಜನೆ, ಆಮೇಲೆ ಎಲ್ಲರೂ ಒಟ್ಟಿಗೆ ಪ್ರಸಾದ. ಕುಡಿಯೋ ಹೊತ್ತು ಖಾಲಿಯೇ ಇರುತ್ತಿರಲಿಲ್ಲ. ಕಪ್ಪು ಬಟ್ಟೆ ನೋಡಿ ಊರವರೆಲ್ಲ "ಸ್ವಾಮಿ" ಅನ್ನುತ್ತಿದ್ದರು. ಹಳೇ ಸ್ನೇಹಿತರೂ ಬಾ ಅಂತ ಕರೆಯುತ್ತಿರಲಿಲ್ಲ. ಗುರುಸ್ವಾಮಿ ದಿನಾ ಕೇಳುತ್ತಿದ್ದರು, ಆದರೆ ಅನುಮಾನದಿಂದಲ್ಲ. ಇಷ್ಟೂ ಒಂದೇ ದಿನದಲ್ಲಿ ಕಳಚಿ ಬೀಳುತ್ತಿತ್ತು. ಭಕ್ತಿ ಹಾಗೇ ಇತ್ತು, ಅದರ ಸುತ್ತ ಇದ್ದ ಜನ ಮಾತ್ರ ಇರುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಿಂದಿನ ವರ್ಷ ಮಾಲೆ ಹಾಕಿದ ಮೂರನೇ ರಾತ್ರಿ ಮಂಜಣ್ಣ ಗೋಡೆ ಮೇಲೆ ಇಲ್ಲದ ಇರುವೆ ಆರಿಸುತ್ತಾ, ಏನೇನೋ ಮಾತಾಡುತ್ತಾ ಕೂತಿದ್ದರು. ಮೈಮೇಲೆ ಬಂದಿದೆ ಅಂದುಕೊಂಡು ಮನೆಯವರು ಮಂಗಳಾರತಿ ಮಾಡಿದರು. ಅದು ಪೂರ್ತಿ ವೈದ್ಯಕೀಯ ತುರ್ತು. ದಿನಾ ಜಾಸ್ತಿ ಕುಡಿಯುವವರು ಥಟ್ಟನೆ ಬಿಟ್ಟರೆ ಮೊದಲ ದಿನವೇ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಈ ಥರದ ಗೊಂದಲ, ಭ್ರಮೆ. ಜೀವ ಹೋದದ್ದೂ ಇದೆ. ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುತ್ತೆ ಅನ್ನುವವರು ಮಾಲೆ ಹಾಕುವ ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಮಂಜಣ್ಣ ಈ ಸಲ ಆಸ್ಪತ್ರೆಯಲ್ಲೇ ಬಿಟ್ಟಿದ್ದು ಒಳ್ಳೆಯದಾಯಿತು.

ಎರಡನೇ ಭೇಟಿಯಲ್ಲಿ ಮನೆಯ ವಿಷಯ ಹೊರಬಂತು. ಮಂಜಣ್ಣ ಚಪ್ಪಲಿ ಬಿಡುವ ಮೊದಲೇ ಶೋಭಾ ಹತ್ತಿರ ಬಂದು, "ರೀ, ಬಾಯಿ ಬಿಡಿ" ಅನ್ನುತ್ತಿದ್ದರು. ಬೈಕಿನ ಸೀಟು ಎತ್ತಿ ನೋಡುತ್ತಿದ್ದರು. ಫೋನ್‌ಪೇ ಲೆಕ್ಕ ತೆಗೆದು ಪ್ರತಿ ನೂರು ರೂಪಾಯಿಗೂ ಪ್ರಶ್ನೆ. ಹದಿನೈದು ವರ್ಷ ಸುಳ್ಳು ಕೇಳಿದವರು ಇನ್ನೇನು ಮಾಡಿಯಾರು? ಆದರೆ ಮಂಜಣ್ಣ ಹೇಳಿದ ಮಾತೂ ತಳ್ಳಿಹಾಕುವಂಥದ್ದಲ್ಲ. "ಕುಡೀದೇ ಇದ್ರೂ ಕಳ್ಳನ ಥರ ನಿಲ್ಲಿಸ್ತಾಳೆ. ಹೆಂಗಿದ್ರೂ ಬೈಸ್ಕೋಬೇಕು, ಕುಡ್ದೇ ಬೈಸ್ಕೊಳ್ಳೋಣ ಅನ್ಸುತ್ತೆ."

ಪಕ್ಕದ ಮನೆಯವರು ಶೋಭಾಗೆ ಒಂದು ಪುಡಿಯ ಜಾಹೀರಾತು ಬೇರೆ ತೋರಿಸಿದ್ದರು. ಗಂಡನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಅಂತ. ಇದನ್ನು ಯಾರೂ ಮಾಡಬಾರದು. ಇಂಥ ಪುಡಿಯಲ್ಲಿ ಏನಿದೆ ಅಂತ ಕೊಂಡವರಿಗೂ ತಿಳಿಯುವುದಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ ನಿಜ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಬಿಪಿ ಬೀಳಬಹುದು. ತಿಳಿಯದೆ ನುಂಗಿಸಿದವನು ಸಂಜೆ ಕುಡಿದರೆ ಪ್ರಾಣಕ್ಕೇ ಕುತ್ತು. ಲಿವರ್, ಹೃದಯ ಪರೀಕ್ಷೆ ಮಾಡಿ, ರೋಗಿಗೆ ಎಲ್ಲ ವಿವರಿಸಿ, ಅವನು ಒಪ್ಪಿದ ಮೇಲೆ ಮನೋವೈದ್ಯರು ಬರೆದುಕೊಡುವ ಮಾತ್ರೆ ಅದು. ಮಂಜಣ್ಣನಿಗೆ ಹಾಗೆಯೇ ಬರೆದುಕೊಟ್ಟಿದ್ದರು.

ಆ ಮಾತ್ರೆಯ ಸುತ್ತಲೇ ಒಂದು ಒಪ್ಪಂದ ಮಾಡಿಕೊಂಡೆವು. ದಿನಾ ಬೆಳಗ್ಗೆ ತಿಂಡಿ ಆದ ಮೇಲೆ ಮಂಜಣ್ಣ ತಾವೇ ಮಾತ್ರೆ ತಂದು ಶೋಭಾ ಮುಂದೆ ನುಂಗಬೇಕು. "ಇವತ್ತು ಕುಡಿಯಲ್ಲ" ಅನ್ನಬೇಕು. ಇವತ್ತು ಅಷ್ಟೇ. ಜೀವಮಾನದ ಮಾತು ಬೇಡ, ಮಗಳ ತಲೆ ಮೇಲೆ ಕೈಯಿಟ್ಟು ಆಣೆಯೂ ಬೇಡ. ಅದಕ್ಕೆ ಶೋಭಾ ಥ್ಯಾಂಕ್ಸ್ ಹೇಳಬೇಕು ಅಂದೆ. "ಗಂಡಂಗೆ ಥ್ಯಾಂಕ್ಸ್ ಹೇಳೋಕೆ ನಾಚ್ಕೆ ಆಗುತ್ತೆ ಮೇಡಂ" ಅಂದರು. ಕೊನೆಗೆ "ಸರಿ, ಹುಷಾರಾಗಿ ಹೋಗ್ಬನ್ನಿ" ಅನ್ನುವುದಕ್ಕೆ ಒಪ್ಪಿದರು. ಅಲ್ಲಿಗೆ ಆ ದಿನದ ವಿಚಾರಣೆ ಮುಗಿಯಿತು. ಸಂಜೆ ವಾಸನೆ ನೋಡುವಂತಿಲ್ಲ, ಹಳೇದು ಕೆದಕುವಂತಿಲ್ಲ. ಶೋಭಾಗೆ ಇದು ಮಂಜಣ್ಣನಿಗಿಂತ ಕಷ್ಟವಾಯಿತು ಅಂತ ನನ್ನ ಅನಿಸಿಕೆ.

ಉಳಿದ ಭಾರ ಬೇರೆಯವರಿಗೆ. ಒಬ್ಬರ ಮೇಲೇ ಎಲ್ಲ ಹಾಕಿದರೆ ಅವರು ಪೊಲೀಸ್ ಆಗುತ್ತಾರೆ, ಇಲ್ಲ ಸುಸ್ತಾಗುತ್ತಾರೆ. ಶನಿವಾರದ ಬಟವಾಡೆಯನ್ನು ಕಿರಣ ವಹಿಸಿಕೊಂಡರು. ಅರ್ಧ ಆಳುಗಳಿಗೆ ಫೋನ್‌ಪೇ, ಉಳಿದವರಿಗೆ ನಗದು, ಹಂಚುವುದು ವೈನ್ ಸ್ಟೋರ್ ಪಕ್ಕದ ಕಟ್ಟೆಯಲ್ಲಲ್ಲ, ಸೈಟಿನಲ್ಲೇ. ಸಂಜೆ ಆರರಿಂದ ಎಂಟು ಸಿಮೆಂಟ್ ಅಂಗಡಿಯಲ್ಲಿ ಭಾವನ ಜೊತೆ ಲೆಕ್ಕ ಬರೆಯುವ ಕೆಲಸ. ಭಾವನನ್ನು ಕಾಯೋಕೆ ಅಂತಲ್ಲ. ಕಿರಣನ ಲೆಕ್ಕ ನಿಜವಾಗಿಯೂ ಅಧ್ವಾನವಾಗಿತ್ತು.

ಕುಡಿತ ಬಿಡುವವರು ಒಟ್ಟಿಗೆ ಸೇರುವ ಎಎ ಮೀಟಿಂಗ್‌ಗೆ ಹೋಗೋಕೆ ಮಾತ್ರ ಮಂಜಣ್ಣ ಒಪ್ಪಲಿಲ್ಲ. "ಊರಿಗೆಲ್ಲ ಗೊತ್ತಾಗುತ್ತೆ." ಬಸ್ ಸ್ಟ್ಯಾಂಡ್ ಹತ್ತಿರ ಬಿದ್ದಿದ್ದಾಗ ಊರಿಗೆ ಗೊತ್ತಿರಲಿಲ್ವಾ ಅಂತ ಶೋಭಾ ಕೇಳಿದರು. ನಾನು ಕೇಳಬೇಕಾಗಲಿಲ್ಲ. ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದ ಅಕ್ರಾನ್‌ನಲ್ಲಿ ಶುರುವಾಗಿದ್ದೇ ಇಬ್ಬರು ಕುಡುಕರು ಪರಸ್ಪರ ಮಾತಾಡಿಕೊಂಡಿದ್ದರಿಂದ. ಫೀಸಿಲ್ಲ, ಜಾತಿ ಕೇಳುವುದಿಲ್ಲ, ಪೂರ್ತಿ ಹೆಸರೂ ಬೇಕಿಲ್ಲ. ಒಂದು ಸಲ ಹೋಗಿ ಬನ್ನಿ, ಇಷ್ಟವಾಗದಿದ್ದರೆ ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರದಿಂದ ಬಂದವರು ನಡೆಸುವ ನವಜೀವನ ಸಮಿತಿ ನೋಡೋಣ ಅಂದೆ. ಹೋದರು. ಅಲ್ಲಿ ನಿವೃತ್ತ ಕಂಡಕ್ಟರ್ ಒಬ್ಬರು ಸಿಕ್ಕರು. ಈಗ ಅವರೇ ಸ್ಪಾನ್ಸರ್, ಅಂದರೆ ಮೊದಲೇ ಕುಡಿತ ಬಿಟ್ಟು ಹೊಸಬರಿಗೆ ಜೊತೆಯಾಗಿ ನಿಲ್ಲುವವರು. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಲೇಬೇಕು. ಗುರುಸ್ವಾಮಿ ಥರಾನೇ, ಬೈಯೋದು ಮಾತ್ರ ಜಾಸ್ತಿ ಅಂತ ಮಂಜಣ್ಣ ನಕ್ಕರು.

ಇನ್ನೊಂದು ಕಾಗದ ಬರೆಸಿದೆ. ಒಂದು ವೇಳೆ ಕುಡಿದುಬಿಟ್ಟರೆ ಏನು ಮಾಡುವುದು ಅಂತ. ಕುಡೀರಿ ಅಂತ ನೀವೇ ಹೇಳಿದ ಹಾಗಾಯ್ತಲ್ಲ ಅಂತ ಶೋಭಾಗೆ ಸಿಟ್ಟು ಬಂತು. ಜಾರುವವರು ಬಹಳ ಜನ. ಜಾರಿದ್ದನ್ನು ಬಚ್ಚಿಡುವುದರಿಂದಲೇ ಒಂದು ಕ್ವಾರ್ಟರ್ ಒಂದು ತಿಂಗಳಾಗುವುದು. ಕಾಗದದಲ್ಲಿದ್ದಿದ್ದು ಇಷ್ಟು: ಬೈಕ್ ಓಡಿಸಬಾರದು. ಅದೇ ರಾತ್ರಿ ಕಿರಣನಿಗೋ ಸ್ಪಾನ್ಸರ್‌ಗೋ ಹೇಳಬೇಕು. ಶೋಭಾ ರಾತ್ರಿ ಜಗಳ ತೆಗೆಯಬಾರದು, ಊಟ ಇಟ್ಟು ಮಗಳ ಕೋಣೆಯಲ್ಲಿ ಮಲಗಬೇಕು. ಬೆಳಗ್ಗೆ ಡಾಕ್ಟರ್. ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಯಾವಾಗಲಾದರೂ, ಉಚಿತ.

ಕಾಗದ ಎರಡು ತಿಂಗಳಲ್ಲಿ ಕೆಲಸಕ್ಕೆ ಬಂತು. ಮೌಲ್ಡ್, ಅಂದರೆ ತಾರಸಿಗೆ ಕಾಂಕ್ರೀಟ್, ಹಾಕಿದ ದಿನ ಮನೆ ಮಾಲೀಕರು ಆಳುಗಳಿಗೆಲ್ಲ ಬಾಡೂಟ, ಎಣ್ಣೆ ಕೊಡಿಸಿದರು. ಮಂಜಣ್ಣ ಒಂದು ಕ್ವಾರ್ಟರ್ ಕುಡಿದರು. ಆದರೆ ಹತ್ತು ಗಂಟೆಗೆ ಕಿರಣನಿಗೆ ಫೋನ್ ಮಾಡಿ, "ತಪ್ಪಾಯ್ತು ಕಣೋ, ಬಂದು ಕರ್ಕೊಂಡೋಗು" ಅಂದರು. ಶೋಭಾ ಆ ರಾತ್ರಿ ಬಾಯಿ ತೆರೆಯಲಿಲ್ಲ. ಹಲ್ಲು ಕಚ್ಚಿಕೊಂಡಿದ್ದೆ ಮೇಡಂ ಅಂದರು.

ಕೆದಕಿ ನೋಡಿದರೆ ಜಾರಿದ್ದು ಅವತ್ತಲ್ಲ. ಮೂರು ವಾರ ಮೊದಲೇ ಮಾತ್ರೆ ಖಾಲಿಯಾಗಿತ್ತು. ಕೆಲಸದ ಗಡಿಬಿಡಿಯಲ್ಲಿ ತರಲಿಲ್ಲ, ಡಾಕ್ಟರೇ ನಿಲ್ಲಿಸಿದ್ದಾರೆ ಅಂತ ಹೆಂಡತಿಗೆ ಸುಳ್ಳು. ಎರಡು ಭಾನುವಾರ ಮೀಟಿಂಗ್ ತಪ್ಪಿಸಿದ್ದರು. ಒಂಬತ್ತರ ಫೋನ್ ಎರಡೇ ಮಾತಿಗೆ ಇಳಿದಿತ್ತು. ಹಾಗಾಗಿ ಎರಡು ಬದಲಾವಣೆ ಮಾಡಿದೆವು. ಮಾತ್ರೆ ಬರೆಸುವ ದಿನ ಶೋಭಾ ಕೂಡ ಡಾಕ್ಟರ್ ಹತ್ತಿರ ಹೋಗುತ್ತಾರೆ. ಮೌಲ್ಡ್ ಇದ್ದರೆ ಮಂಜಣ್ಣ ಮಾಲೀಕರಿಗೆ ಮೊದಲೇ "ಊಟ ಹಾಕ್ಸಿ ಸಾರ್, ಎಣ್ಣೆ ಬೇಡ" ಅನ್ನುತ್ತಾರೆ. ಕಾಂಕ್ರೀಟ್ ಮುಗಿದ ಕೂಡಲೇ ಚಿಕ್ಕ ಮೇಸ್ತ್ರಿಗೆ ಒಪ್ಪಿಸಿ ಹೊರಡುತ್ತಾರೆ. ಒಬ್ಬ ಮಾಲೀಕರು ಮುಖ ಸಿಂಡರಿಸಿದರಂತೆ. ಇಬ್ಬರು ಹೆಣ್ಣಾಳುಗಳು ಬಂದು, ಒಳ್ಳೆ ಕೆಲಸ ಮಾಡಿದ್ರಿ ಅಂದರಂತೆ.

ಆ ಕಾರ್ತಿಕದಲ್ಲಿ ಮಾಲೆ ಹಾಕಲಾ ಅಂತ ಕೇಳಿದರು. ಹಾಕಿ ಅಂದೆ. 42ನೇ ದಿನ ಸಂಜೆ ಆರೂವರೆಗೆ ಎಲ್ಲಿರುತ್ತೀರಿ ಅಂತ ಈಗಲೇ ಹೇಳಿ, ಆಮೇಲೆ ಹಾಕಿ. ಮಾಲೆ ತೆಗೆದ ಮಾರನೇ ದಿನಕ್ಕೆ ಸ್ಪಾನ್ಸರನ್ನು ಊಟಕ್ಕೆ ಕರೆದಿದ್ದರು.

ಪಿಯುಸಿ ಓದುವ ಮಗಳು ಇನ್ನೂ ಅಪ್ಪನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಅವಳಿಂದ ನಂಬಿಕೆ ಕೇಳಬೇಡಿ, ಹೇಳಿದ ಹೊತ್ತಿಗೆ ಟ್ಯೂಷನ್ನಿಂದ ಕರೆದುಕೊಂಡು ಬನ್ನಿ ಅಷ್ಟೇ ಅಂದಿದ್ದೇನೆ. ಈಗ ಯುಗಾದಿ ಹತ್ತಿರ ಬಂದಿದೆ. ಹೊಸತೊಡಕಿಗೆ ಹಳ್ಳಿಯಲ್ಲಿ ಅಣ್ಣತಮ್ಮಂದಿರೆಲ್ಲ ಸೇರುತ್ತಾರೆ. ಮಧ್ಯಾಹ್ನದ ಮೇಲೆ ಇಸ್ಪೀಟು, ಎಣ್ಣೆ. ಮಂಜಣ್ಣನಿಗೆ ಹೋಗಬೇಕು, ಶೋಭಾಗೆ ಬೇಡ. ಕಿರಣನ ಜೊತೆ ಬೆಳಗ್ಗೆಯೇ ಹೋಗಿ, ಎಡೆ ಇಟ್ಟು, ಉಂಡು, ಇಸ್ಪೀಟು ಎಲೆ ಹಾಕುವ ಮೊದಲೇ ವಾಪಸ್ ಬರಬಹುದಲ್ಲ ಅಂತ ಕೇಳಿದ್ದೇನೆ. ಹಬ್ಬಕ್ಕೆ ವಾರ ಇರುವಾಗ ಇಬ್ಬರೂ ಬಂದು ಏನು ತೀರ್ಮಾನಿಸಿದರು ಅಂತ ಹೇಳಬೇಕು.