ನೋಡ್‌ಜೆಎಸ್‌ನಲ್ಲಿ ಬರೆದ ಟಿಸಿಪಿ ಸರ್ವರಿನ ಡೇಟಾ ಈವೆಂಟ್‌ನಲ್ಲಿ ಅರ್ಧ ಜೇಸನ್ (JSON) ಬರುತ್ತಿದೆ. ಪೂರ್ತಿ ಬರಲು ಎಷ್ಟು ಮಿಲಿಸೆಕೆಂಡ್ ಕಾಯಬೇಕು?

ಕಾಯಲೇಬೇಡಿ. ಇದೇ ಪ್ರಶ್ನೆಗೆ ನಾನು 50 ಎಂದು ಉತ್ತರ ಕಂಡುಕೊಂಡಿದ್ದೆ. ಬಂದ ತುಂಡನ್ನು ಒಂದು ಸ್ಟ್ರಿಂಗ್‌ಗೆ ಸೇರಿಸುವುದು, ಟೈಮರನ್ನು ಹೊಸದಾಗಿ ಶುರು ಮಾಡುವುದು, 50 ಮಿಲಿಸೆಕೆಂಡ್ ಏನೂ ಬರದಿದ್ದರೆ ಮೆಸೇಜು ಮುಗಿಯಿತೆಂದು ಪಾರ್ಸ್ ಮಾಡುವುದು, ಅಂದರೆ ಪಠ್ಯವನ್ನು ಆಬ್ಜೆಕ್ಟ್ ಆಗಿ ಬದಲಿಸುವುದು. ಕ್ಲೈಂಟ್, ಸರ್ವರ್ ಎರಡನ್ನೂ ಒಂದೇ ಯಂತ್ರದಲ್ಲಿ ಓಡಿಸಿದಾಗ ಒಂದು ಮೆಸೇಜೂ ತಪ್ಪಲಿಲ್ಲ.

ನಿಜವಾದ ನೆಟ್‌ವರ್ಕಿನಲ್ಲಿ ಅದು ಎರಡು ಕಡೆಯಿಂದ ಕೈಕೊಟ್ಟಿತು. ಎಡೆಬಿಡದೆ ಕಳಿಸುವ ಕ್ಲೈಂಟ್ 50 ಮಿಲಿಸೆಕೆಂಡ್ ಬಿಡುವನ್ನೇ ಕೊಡಲಿಲ್ಲ. ಟೈಮರ್ ಮುಂದಕ್ಕೆ ಹೋಗುತ್ತಲೇ ಇತ್ತು, ಸ್ಟ್ರಿಂಗ್ ಬೆಳೆಯುತ್ತಲೇ ಇತ್ತು, ಕೊನೆಗೆ ಹತ್ತಾರು ಜೇಸನ್ ಅಂಟಿಕೊಂಡು ಪಾರ್ಸ್ ಆಗದೆ ಬಿದ್ದವು. ಇನ್ನೊಂದು ಕಡೆ ಪ್ಯಾಕೆಟ್ ಕಳೆದುಹೋಗುವ ಸಂಪರ್ಕ. ಕಳೆದ ಪ್ಯಾಕೆಟನ್ನು ಮತ್ತೆ ಕಳಿಸುವ ಮುನ್ನ ಲಿನಕ್ಸ್ ಕನಿಷ್ಠ 200 ಮಿಲಿಸೆಕೆಂಡ್ ಕಾಯುವುದುಂಟು. ಅಷ್ಟರಲ್ಲಿ ನನ್ನ ಟೈಮರ್ ಅರ್ಧ ಮೆಸೇಜನ್ನೇ ಪಾರ್ಸಿಗೆ ತಳ್ಳಿರುತ್ತಿತ್ತು. 50 ಇದ್ದದ್ದನ್ನು 200 ಮಾಡಿದೆ, 500 ಮಾಡಿದೆ. ಹೆಚ್ಚಿಸಿದರೆ ಮೊದಲನೆಯ ತೊಂದರೆ ಬಲಿಯುತ್ತಿತ್ತು, ಇಳಿಸಿದರೆ ಎರಡನೆಯದು. ಮೌನಕ್ಕೂ ಮೆಸೇಜಿನ ಕೊನೆಗೂ ಸಂಬಂಧವೇ ಇಲ್ಲದಿರುವಾಗ ಸರಿಯಾದ ಸಂಖ್ಯೆ ಎಲ್ಲಿಂದ ಸಿಗಬೇಕು?

ಟಿಸಿಪಿಯಲ್ಲಿ ಮೆಸೇಜು ಎಂಬುದೇ ಇಲ್ಲ. ಬೈಟ್‌ಗಳು ಕಳಿಸಿದ ಕ್ರಮದಲ್ಲಿ ಬರುತ್ತವೆ, ಅಷ್ಟೇ. ಆ ಕಡೆಯ ಮೂರು ರೈಟ್ ಇಲ್ಲಿ ಒಂದೇ ಡೇಟಾ ಈವೆಂಟ್ ಆಗಬಹುದು, ಒಂದು ರೈಟ್ ಐದಾಗಬಹುದು. ಸಾಮಾನ್ಯ ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟಿಗೆ ಹಿಡಿಸುವುದು ಸುಮಾರು 1460 ಬೈಟ್, ಅದಕ್ಕಿಂತ ದೊಡ್ಡದು ತುಂಡಾಗುತ್ತದೆ. ಚಿಕ್ಕ ತುಂಡುಗಳನ್ನು ಕೂಡಿಸಿ ಕಳಿಸುವ ನೇಗಲ್ ವಿಧಾನವನ್ನು ಆಫ್ ಮಾಡಲು ಸೆಟ್‌ನೋಡಿಲೇ (setNoDelay) ಹಾಕಿ ಎಂದು ಯಾರಾದರೂ ಹೇಳಿಯಾರು. ಅದರಿಂದ ಕಳಿಸುವ ವಿಳಂಬ ಕಡಿಮೆಯಾದೀತು, ಮೆಸೇಜುಗಳ ನಡುವೆ ಗಡಿ ಮಾತ್ರ ಹುಟ್ಟುವುದಿಲ್ಲ.

ಗಡಿಯನ್ನು ನೀವೇ ಹಾಕಬೇಕು. ಜೇಸನ್ ಆದರೆ ಪ್ರತಿ ಮೆಸೇಜಿನ ಕೊನೆಗೆ ಒಂದು ನ್ಯೂಲೈನ್ ಸಾಕು. ಆಬ್ಜೆಕ್ಟನ್ನು ಜೇಸನ್ ಪಠ್ಯ ಮಾಡುವ ಸ್ಟ್ರಿಂಗಿಫೈ, ಇಂಡೆಂಟ್ ಕೊಡದಿದ್ದರೆ, ಒಳಗೆಲ್ಲೂ ನಿಜವಾದ ನ್ಯೂಲೈನ್ ಬಿಡುವುದಿಲ್ಲ. ಓದುವ ಕಡೆ ಪ್ರತಿ ಸಾಕೆಟಿಗೂ ಪ್ರತ್ಯೇಕ ಬಫರ್ ಇಡಿ. ಬಂದದ್ದನ್ನು ಅದಕ್ಕೆ ಸೇರಿಸಿ, ನ್ಯೂಲೈನನ್ನು, ಅಂದರೆ 10 ಎಂಬ ಮೌಲ್ಯದ ಬೈಟನ್ನು ಹುಡುಕಿ, ಅಲ್ಲಿಯವರೆಗೆ ಕತ್ತರಿಸಿ ಪಾರ್ಸ್ ಮಾಡಿ, ಉಳಿದದ್ದನ್ನು ಇಟ್ಟುಕೊಳ್ಳಿ. ಈ ಹುಡುಕಾಟ ವೈಲ್ ಲೂಪಿನಲ್ಲಿರಲಿ. ಇಫ್ ಹಾಕಿದರೆ ಒಟ್ಟಿಗೆ ಬಂದ ಎರಡನೇ ಮೆಸೇಜು ಮುಂದಿನ ಡೇಟಾ ಬರುವವರೆಗೆ ಒಳಗೇ ಕೂತಿರುತ್ತದೆ, ನೀವು ನೆಟ್‌ವರ್ಕನ್ನು ಬೈಯುತ್ತೀರಿ.

ತುಂಡು ಬಂದ ಕೂಡಲೇ ಟುಸ್ಟ್ರಿಂಗ್ ಬಳಸಿ ಬೈಟ್‌ಗಳನ್ನು ಪಠ್ಯ ಮಾಡಬೇಡಿ. ಯುಟಿಎಫ್-8ರಲ್ಲಿ 'ಕ' 3 ಬೈಟ್. ತುಂಡು ಅದರ ನಡುವೆ ಮುರಿದರೆ ಆ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕದ ವಜ್ರ ಉಳಿಯುತ್ತದೆ, ಅದನ್ನು ಮತ್ತೆ ಸರಿಮಾಡಲಾಗದು. ಬಹುಬೈಟ್ ಅಕ್ಷರದೊಳಗೆ 10 ಎಂಬ ಬೈಟ್ ಬರುವುದೇ ಇಲ್ಲ, ಹಾಗಾಗಿ ಬಫರಿನಲ್ಲೇ ಕತ್ತರಿಸಿ ಆಮೇಲೆ ಸ್ಟ್ರಿಂಗ್ ಮಾಡಿದರೆ ಭಯವಿಲ್ಲ.

ಬೈನರಿ ಆದರೆ ಮೊದಲ 4 ಬೈಟಿನಲ್ಲಿ ಮೆಸೇಜಿನ ಉದ್ದ, ಆಮೇಲೆ ವಿಷಯ. ಆ 4 ಬೈಟೂ ಎರಡು ತುಂಡಾಗಿ ಬರಬಹುದು, 4 ಆಗುವ ಮುನ್ನ ಓದಿದರೆ ರೇಂಜ್ ಎರರ್. ಗರಿಷ್ಠ ಮಿತಿ ಇಡಿ, ಉದಾಹರಣೆಗೆ 1 ಎಂಬಿ, ಮೀರಿದರೆ ಸಾಕೆಟನ್ನು ಡಿಸ್ಟ್ರಾಯ್ ಮಾಡಿ. ಇಲ್ಲದಿದ್ದರೆ 4 ಜಿಬಿ ಕಳಿಸುತ್ತೇನೆಂದು ಯಾರು ಹೇಳಿದರೂ ನಿಮ್ಮ ಸರ್ವರ್ ನಂಬಿ ಮೆಮೊರಿ ತುಂಬಿಸಿಕೊಳ್ಳುತ್ತದೆ. ನ್ಯೂಲೈನ್ ವಿಧಾನಕ್ಕೂ ಮಿತಿ ಬೇಕೇ ಬೇಕು. ದೊಡ್ಡ ಮೆಸೇಜುಗಳಿದ್ದರೆ ಪ್ರತಿ ತುಂಡಿಗೂ ಬಫರ್ ಕಾನ್‌ಕ್ಯಾಟ್ ಮಾಡಬೇಡಿ, ಹಳೆಯದೆಲ್ಲ ಪ್ರತಿ ಸಲ ಕಾಪಿ ಆಗುತ್ತದೆ. ಅರೇಯಲ್ಲಿ ಕೂಡಿಟ್ಟು, ಉದ್ದ ತುಂಬಿದಾಗ ಒಂದೇ ಸಲ ಜೋಡಿಸಿ.

ಎರರ್ ಈವೆಂಟಿಗೆ ಹ್ಯಾಂಡ್ಲರ್ ಮರೆಯಬೇಡಿ, ಒಬ್ಬ ಕ್ಲೈಂಟ್ ಸಂಪರ್ಕ ಕಡಿದರೆ ಇಡೀ ಪ್ರೊಸೆಸ್ ಬೀಳಬಹುದು. ಆ ಕಡೆಯವರು ಕಳಿಸುವುದನ್ನು ಮುಗಿಸಿದ ಎಂಡ್ ಈವೆಂಟ್ ಬಂದಾಗ ಬಫರಿನಲ್ಲಿ ಏನಾದರೂ ಉಳಿದಿದ್ದರೆ ಅದು ತುಂಡಾದ ಮೆಸೇಜು. ಪಾರ್ಸ್ ಮಾಡದೆ ಲಾಗ್ ಮಾಡಿ.

ಲೋಕಲ್‌ಹೋಸ್ಟ್ ಪರೀಕ್ಷೆ ನಂಬಬೇಡಿ. ಕತ್ತರಿಸುವ ಕೋಡನ್ನು ಪ್ರತ್ಯೇಕ ಫಂಕ್ಷನ್ ಮಾಡಿ, ಕನ್ನಡ ಪಠ್ಯವಿರುವ ಮೂರು ಮೆಸೇಜುಗಳನ್ನು ಒಂದೊಂದೇ ಬೈಟಾಗಿ ಉಣಿಸಿ, ಆಮೇಲೆ ಮೂರನ್ನೂ ಒಂದೇ ಬಫರಾಗಿ ಕೊಡಿ. ಎರಡು ಸಲವೂ ಅದೇ ಮೂರು ಆಬ್ಜೆಕ್ಟ್ ಬರಬೇಕು.